ಕಡವಿನ ಹಾಡಿಗೆ ಒಂದು ಚೀಟಿ

ಮರಿಯುಮ್ಮ ಬುಧವಾರ ಬೆಳಿಗ್ಗೆ ತೀರಿಕೊಂಡಳು. ಅರವತ್ತೆರಡು ವರ್ಷ. ಎದೆಯ ತೊಂದರೆ ಮೊದಲಿನಿಂದಲೂ ಇತ್ತು. ಬೆಳಗಿನ ನಮಾಜು ಮುಗಿಸಿ, ಸ್ವಲ್ಪ ಹೊತ್ತು ಮಲಗುತ್ತೇನೆ ಎಂದು ಮಗಳಿಗೆ ಹೇಳಿ ಮಲಗಿದವಳು ಮತ್ತೆ ಏಳಲಿಲ್ಲ.

ಮಗಳು ಫಾಯಿಝಾ ಫೋನ್ ಮಾಡಿದಾಗ ಮರಿಯುಮ್ಮನ ಗೆಳತಿ ಸೌದಾಮಿನಿ ಕಾವಲಿಗೆ ಎಣ್ಣೆ ಸವರುತ್ತಿದ್ದಳು.

"ಉಮ್ಮ ಇಲ್ಲ ಟೀಚರೇ."

"ನಿನ್ನೆ ಸಂಜೆ ಫೋನ್ ಮಾಡಿದ್ದಾಳಲ್ಲ ನನಗೆ" ಎಂದಳು ಸೌದಾಮಿನಿ. ಅದನ್ನೇ ಎರಡು ಸಲ ಹೇಳಿದಳು.

ಮುಳಿಗುಡ್ಡೆಯಲ್ಲಿ ಮರಿಯುಮ್ಮನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಬೆರಳೆಣಿಕೆಯ ಮಂದಿ. ಉಳಿದವರಿಗೆಲ್ಲ ಅವಳು ಟೈಲರಕ್ಕ. ಬದಿಯಡ್ಕದಿಂದ ಜೀಪು ಏದುಸಿರು ಬಿಡುತ್ತ ಹತ್ತಿ ಬಂದು ನಿಲ್ಲುವಲ್ಲಿ, ಹೋಟೆಲಿನ ಮಾಳಿಗೆಯ ಮೇಲೆ ಅವಳ ಹೊಲಿಗೆ ಅಂಗಡಿ. ಈ ಗುಡ್ಡೆಯ ಹೆಂಗಸರಲ್ಲಿ ಅವಳು ಹೊಲಿದ ರವಕೆ ತೊಡದವರಿಲ್ಲ. ಒಬ್ಬೊಬ್ಬರ ಅಳತೆಯೂ ಅವಳಿಗೆ ಬಾಯಿಪಾಠ. "ಕಳೆದ ವರ್ಷಕ್ಕಿಂತ ಒಂದಿಂಚು ಜಾಸ್ತಿ ಆಗಿದ್ದೀಯಲ್ಲ, ಗಂಡ ಗಲ್ಫಿನಿಂದ ಬಂದಿದ್ದಾನಾ?" ಎಂದು ಟೇಪು ಹಿಡಿದುಕೊಂಡೇ ಕೇಳುವವಳು. ಆದರೆ ಅಂಗಡಿಯಲ್ಲಿ ಕೇಳಿದ ಮಾತು ಮೆಟ್ಟಿಲಿಳಿದು ಕೆಳಗೆ ಹೋಗುತ್ತಿರಲಿಲ್ಲ.

ವರ್ಷಕ್ಕೊಂದು ದಿನ ಅಂಗಡಿಗೆ ಬೀಗ. ಅದೂ ಮದುವೆಯ ರವಕೆಗಳು, ಶಾಲೆಯ ಯೂನಿಫಾರ್ಮುಗಳು ರಾಶಿ ಬಿದ್ದಿರುವ ಎಪ್ರಿಲ್ ತಿಂಗಳಲ್ಲಿ. ಎಪ್ರಿಲಿನ ಕೊನೆಯ ಶನಿವಾರ ಮುಳಿಗುಡ್ಡೆಯ ಮೈದಾನದಲ್ಲಿ ಕ್ಲಬ್ಬಿನವರ ಬೇಸಿಗೆ ಸಂಜೆ. ಮಧ್ಯಾಹ್ನ ಹಗ್ಗಜಗ್ಗಾಟ, ಮಡಕೆ ಒಡೆಯುವುದು, ಗಂಡಸರು ನಗೆಪಾಟಲಾಗುವ ನಿಧಾನ ಸೈಕಲ್ ಓಟ. ಬಿಸಿಲು ಇಳಿದ ಮೇಲೆ ಹಾಡು. ಕೆಂಪು ಮುರಕಲ್ಲಿನ ಮೈದಾನಕ್ಕೆ ಎರಡು ಟ್ಯಾಂಕರು ನೀರು ಹೊಡೆದರೂ ಚಾಪೆಯಡಿಯಿಂದ ಬಿಸಿ ಏಳುತ್ತಿತ್ತು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ನಡುವೆ ನೆಲಗಡಲೆ ಮಾರುವವನ ಗ್ಯಾಸ್‌ಲೈಟು. ಪಡುವಣದಲ್ಲಿ, ಕುಂಬಳೆಯಾಚೆ, ಸಮುದ್ರ ಒಂದು ತಗಡಿನ ಪಟ್ಟಿಯ ಹಾಗೆ ಹೊಳೆದು ಆರಿಹೋಗುತ್ತಿತ್ತು. ಹೊರಗಿನ ಗಾನಮೇಳದ ತಂಡ ವೇದಿಕೆ ಹತ್ತುವ ಮೊದಲಿನ ಒಂದು ಗಂಟೆ ಊರವರದ್ದು. ಯಾರು ಯಾವ ಹಾಡು ಹಾಡಬೇಕು ಎಂದು ಜನ ಚೀಟಿ ಕಳಿಸುವುದು. ಚೀಟಿಯಲ್ಲಿ ಹೆಸರು ಬಂದರೆ ಆ ಮನುಷ್ಯ ಎದ್ದು ಹೋಗಿ ಹಾಡಲೇಬೇಕು. ಅದು ಆ ಗುಡ್ಡೆಯ ಕಟ್ಟಳೆ.

ಆ ಚೀಟಿಗಳನ್ನು ಹೆಂಗಸರ ಕಡೆಯಿಂದ ವೇದಿಕೆಗೆ ತಲುಪಿಸುತ್ತಿದ್ದವಳು ಮರಿಯುಮ್ಮ. ಮೂವತ್ತೆಂಟು ವರ್ಷ. ಹೆಗಲಿಗೆ ಹೊಲಿಗೆಯ ಚೀಲ, ಚೀಲದಲ್ಲಿ ಬಿಲ್ಲುಪುಸ್ತಕದ ಹರಿದ ಹಾಳೆಗಳು, ತಲೆಗೆ ಹೊದ್ದ ದಾವಣಿಯ ಅಂಚಿನಲ್ಲಿ ನಾಲ್ಕೈದು ಗುಂಡುಪಿನ್ನು. ಕನ್ನಡದಲ್ಲಿ ಬಂದದ್ದನ್ನು, ಮೈಕಿನವನಿಗೆ ಕನ್ನಡ ಬಾರದಿದ್ದರೆ, ಕೆಳಗೆ ಮಲಯಾಳದಲ್ಲಿ ಬರೆಯುವಳು. ಮದ್ರಸದಲ್ಲಿ ಕಲಿತ ಅರಬಿ ಅಕ್ಷರವೊಂದೇ ಗೊತ್ತಿದ್ದ ಮುದುಕಿಯರ ಚೀಟಿಯನ್ನೂ ಹಾಗೆಯೇ ತಿದ್ದಿ ಬರೆಯುವಳು. ಬೇರೆಯವರ ಹೆಸರು ಇರುವ ಚೀಟಿ ಸಿಕ್ಕಿದರೆ ಮಾತ್ರ ಕಾಲು ಮುಂದೆ ಹೋಗುತ್ತಿರಲಿಲ್ಲ. ನೇರ ಆ ಹೆಸರಿನವಳ ಚಾಪೆಯ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತು ಕೇಳುವಳು: "ನಿನ್ನ ಹೆಸರು ಉಂಟು ಇದರಲ್ಲಿ. ಕೊಡಲಾ, ಹರಿಯಲಾ?" ಬೇಡ ಎಂದರೆ ಅಲ್ಲೇ ಹರಿದು ಚೀಲಕ್ಕೆ. ಯಾರು ಬರೆದದ್ದು ಎಂದು ಹೇಳುತ್ತಿರಲಿಲ್ಲ.

ಕೇಳದೆ ಹೆಸರು ಕೊಡಬಾರದು ಎಂಬ ಕಾನೂನನ್ನು ಕ್ಲಬ್ಬಿನಲ್ಲಿ ಜಗಳ ಮಾಡಿ ತಂದವಳೂ ಅವಳೇ. ಅದರ ಹಿಂದೆ ಅವಳದ್ದೇ ಒಂದು ತಪ್ಪು ಇತ್ತು.

ಮೊದಲ ಬೇಸಿಗೆ ಸಂಜೆ ಆದದ್ದು ಎಂಬತ್ತಾರರಲ್ಲಿ. ಸೌದಾಮಿನಿಗೆ ಆಗ ಇಪ್ಪತ್ತೊಂದು, ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ವರ್ಷ. ಹೊತ್ತು ಹೋಗಲೆಂದು ಮರಿಯುಮ್ಮನ ಅಂಗಡಿಗೆ ಬಂದು ಗುಂಡಿ ಹೊಲಿಯುತ್ತ ಹಾಡುತ್ತಿದ್ದಳು. ರೇಡಿಯೋದಲ್ಲಿ ಬರುತ್ತಿದ್ದ ಒಂದು ಹಳೆಯ ಹಾಡು ಅವಳಿಗೆ ಪ್ರೀತಿ. ಹೊಳೆಯ ಕಡವಿನಲ್ಲಿ ದೋಣಿಗಾಗಿ ಕಾಯುವ ಹೆಂಗಸಿನ ಹಾಡು. ಮರಿಯುಮ್ಮ ಮೆಷಿನು ನಿಲ್ಲಿಸಿ ಕೇಳುತ್ತಿದ್ದಳು. ಇಂಥ ಸ್ವರ ಮಾಳಿಗೆಯ ಮೇಲೆ ನಾಲ್ಕು ಗೋಡೆಯೊಳಗೆ ಮುಗಿದುಹೋಗುತ್ತದಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಿನಂಥದ್ದೇನೋ ಆಗುತ್ತಿತ್ತಂತೆ. ಆ ಸಂಜೆ ಕೇಳದೆ ಮಾಡದೆ ಚೀಟಿ ಬರೆದು ಕಳಿಸಿದಳು. ಮೈಕಿನಲ್ಲಿ ಕಿಟ್ಟಣ್ಣ ಇದ್ದ, ಕ್ಲಬ್ಬಿನ ಮೊದಲ ಸೆಕ್ರೆಟರಿ. ತನ್ನ ಸ್ವರಕ್ಕೆ ತಾನೇ ಮರುಳಾದ ಮನುಷ್ಯ. ಸೌದಾಮಿನಿಯ ಹೆಸರನ್ನು ಮೂರು ಸಲ ಎಳೆದೆಳೆದು ಕೂಗಿದ.

ಅವಳು ಹೋದಳು. ಮೊದಲ ನುಡಿ ಚೆನ್ನಾಗಿಯೇ ಬಂತು. ಎರಡನೆಯದು ಬರಲಿಲ್ಲ. ಪುನಃ ಮೊದಲಿನಿಂದ ಹಿಡಿದಳು, ಅಲ್ಲಿಗೇ ಬಂದು ನಿಂತಳು. ಗಂಡಸರ ಕಡೆಯಿಂದ ಒಬ್ಬ ಕೂ ಎಂದ. ಆಮೇಲೆ ಮೈದಾನವೇ ಕೂ ಎಂದಿತು. ಮಕ್ಕಳಿಗೆ ಅದೊಂದು ಆಟವಾಯಿತು. ಸೌದಾಮಿನಿ ಮೈಕನ್ನು ಕೆಳಗಿಟ್ಟು, ಚಪ್ಪಲಿ ಹಾಕಿಕೊಳ್ಳದೆ ಮನೆಗೆ ಓಡಿದಳು.

ಚಪ್ಪಲಿ ಹಿಡಿದುಕೊಂಡು ಹಿಂದೆಯೇ ಬಂದ ಮರಿಯುಮ್ಮನ ಮುಖ ಅವಳು ಒಂದು ತಿಂಗಳು ನೋಡಲಿಲ್ಲ. ಆಮೇಲೆ ಮಾತು ಸರಿಹೋಯಿತು, ಗೆಳೆತನ ಗಟ್ಟಿಯಾಯಿತು, ಕೆಲಸ ಸಿಕ್ಕಿತು, ಮದುವೆಯಾಯಿತು, ಇಬ್ಬರ ಗಂಡಂದಿರೂ ಬಂದು ಹೋದರು. ಆದರೆ ಸೌದಾಮಿನಿ ಮತ್ತೆ ಬೇಸಿಗೆ ಸಂಜೆಗೆ ಮೈದಾನಕ್ಕೆ ಕಾಲಿಡಲಿಲ್ಲ, ಎಲ್ಲಿಯೂ ಹಾಡಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪದ್ಯವನ್ನು ಓದಿಯೇ ಕಲಿಸಿದಳು. ಮರಿಯುಮ್ಮ ಪ್ರತಿ ಎಪ್ರಿಲಿನಲ್ಲೂ ಒಂದು ಸಲ ಕೇಳುವಳು.

"ಟೀಚರೇ, ಈ ವರ್ಷ ನಿನ್ನ ಹೆಸರು ಬರೀಲಾ?"

"ಬೇಡ."

"ಆಯ್ತು. ಮುಂದಿನ ವರ್ಷ ಕೇಳ್ತೇನೆ."

ತಾನು ಕೆಡಿಸಿದ್ದನ್ನು ತಾನೇ ಸರಿಮಾಡಿ ಸಾಯಬೇಕು ಎಂಬುದೊಂದು ಅವಳಿಗಿತ್ತು. ಹೊಲಿಗೆ ತಪ್ಪಿದರೆ ಬಿಚ್ಚಿ ಹೊಲಿಯಬಹುದು, ಇದನ್ನು ಹೇಗೆ ಬಿಚ್ಚುವುದು ಎಂದು ಒಮ್ಮೆ ಕೇಳಿದ್ದಳು. ಸೌದಾಮಿನಿ ಮಾತು ತಿರುಗಿಸಿದ್ದಳು.

ಸೌದಾಮಿನಿಯ ಮನೆ ಮೈದಾನದ ಕೆಳಗಿನ ತಿರುವಿನಲ್ಲಿ. ಬೇಡವೆಂದರೂ ಹಾಡು ಜಗಲಿಗೆ ಬಂದು ಬೀಳುತ್ತಿತ್ತು. ವರ್ಷವರ್ಷವೂ ಅದರಲ್ಲಿ ಕಡವಿನ ಹಾಡು ಇದ್ದೇ ಇರುತ್ತಿತ್ತು. ಒಂದು ವರ್ಷ ಪಂಚಾಯತಿನ ಕ್ಲಾರ್ಕು, ಒಂದು ವರ್ಷ ಜೀಪಿನ ಡ್ರೈವರು, ಒಂದು ವರ್ಷ ಕಿಟ್ಟಣ್ಣನೇ. ಕೊರೋನಾದ ಎರಡು ವರ್ಷ ಮೈದಾನದಲ್ಲಿ ಏನೂ ನಡೆಯಲಿಲ್ಲ, ಮರಿಯುಮ್ಮ ಅಂಗಡಿಯಲ್ಲಿ ಕೂತು ಮಾಸ್ಕು ಹೊಲಿದಳು. ಆ ಶನಿವಾರಗಳಂದು ಜಗಲಿಯಲ್ಲಿ ಸೌದಾಮಿನಿಗೆ ಏನೋ ಕಳೆದಂತಾಗಿತ್ತು. ಏನೆಂದು ಅವಳು ಒಪ್ಪಿಕೊಳ್ಳಲಿಲ್ಲ.

ಈ ವರ್ಷ ಕಳೆದ ಶನಿವಾರ ಊರವರ ಹಾಡು ಇನ್ನೂ ಶುರುವಾಗಿರಲಿಲ್ಲ, ಆರು ಗಂಟೆಗೇ ಮೂಡಣದ ಗುಡ್ಡೆಯ ಮೇಲಿನಿಂದ ಗುಡುಗುಮಳೆ ಇಳಿಯಿತು. ಕರೆಂಟು ಹೋಯಿತು. ಜನ ಚಾಪೆಗಳನ್ನು ತಲೆಯ ಮೇಲೆ ಹೊದ್ದುಕೊಂಡು ಶಾಲೆಯ ಜಗಲಿಗೆ ಓಡಿದರು. ಮರಿಯುಮ್ಮ ಮಾತ್ರ ವೇದಿಕೆಯ ಕಡೆಗೆ ಓಡಿದಳಂತೆ, ಏದುಸಿರು ಬಿಡುತ್ತ, ಮೇಜಿನ ಮೇಲೆ ಒದ್ದೆಯಾಗುತ್ತಿದ್ದ ಚೀಟಿಗಳನ್ನು ಬಾಚಿ ಚೀಲಕ್ಕೆ ಹಾಕಲು. ಕಾರ್ಯಕ್ರಮ ಮೇ ತಿಂಗಳ ಎರಡನೇ ಶನಿವಾರಕ್ಕೆ ಹೋಯಿತು.

ಭಾನುವಾರ ಬೆಳಿಗ್ಗೆ ಫೋನು. "ಒಮ್ಮೆ ಅಂಗಡಿಗೆ ಬಾ. ಶಾಯಿ ಹರಡಿ ಅರ್ಧ ಓದ್ಲಿಕ್ಕೆ ಆಗುವುದಿಲ್ಲ. ಮಕ್ಕಳ ಕೋಳಿಗೀಚು ಓದಿ ರಿಟೈರಾದವಳಲ್ವಾ ನೀನು."

ಸೌದಾಮಿನಿ ಹೋದಾಗ ಮರಿಯುಮ್ಮ ಚೀಟಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಕರೆಂಟು ಇನ್ನೂ ಬಂದಿರಲಿಲ್ಲ. ಅಟ್ಟದಿಂದ ಹಳೆಯ ಇಸ್ತ್ರಿಪೆಟ್ಟಿಗೆ ಇಳಿಸಿ, ಅದಕ್ಕೆ ತೆಂಗಿನ ಗೆರಟೆಯ ಕೆಂಡ ತುಂಬಿಸಿದ್ದಳು. ಚೀಟಿಯ ಮೇಲೊಂದು ತೆಳುಬಟ್ಟೆ ಹಾಸಿ, ಮೆಲ್ಲಗೆ ಒತ್ತಿ ತೆಗೆಯುವುದು. ನಲವತ್ತೊಂದು ಚೀಟಿ.

"ಎಸೆದು ಬೇರೆ ಬರೆಸಿದರೆ ಆಗುವುದಿಲ್ವಾ?"

"ಒಮ್ಮೆ ಧೈರ್ಯ ಮಾಡಿ ಬರೆದವರು ಇನ್ನೊಮ್ಮೆ ಬರೀತಾರಾ ಮಾರಾಯ್ತಿ? ಓದು, ಓದು."

ಸೌದಾಮಿನಿ ಕನ್ನಡಕ ಏರಿಸಿಕೊಂಡು ಓದಿದಳು. "'ನಮ್ಮ ಮನೆಯವರಿಗೆ ದಯವಿಟ್ಟು ಮೈಕ್ ಕೊಡಬೇಡಿ.' ಇದು ಯಾರಪ್ಪ?"

"ಹೆಸರು ಹೇಳ್ಲಿಕ್ಕಿಲ್ಲ. ಆದರೆ ಅವಳು ಹೇಳಿದ್ದು ಸರಿ ಉಂಟು."

ಇಬ್ಬರೂ ನಕ್ಕರು. ಇಪ್ಪತ್ತು, ಇಪ್ಪತ್ತೈದು ಚೀಟಿ ಆಯಿತು. ಆಮೇಲೆ ಗುಲಾಬಿ ಬಿಲ್ಲಿನ ಬೆನ್ನಲ್ಲಿ ಬರೆದದ್ದೊಂದು ಕೈಗೆ ಬಂತು. ಓದಲು ಕಷ್ಟವೇ ಇರಲಿಲ್ಲ. ರವಕೆಯ ಅಳತೆ ಬರೆಯುವ ಅದೇ ದಪ್ಪ ಪೆನ್ಸಿಲು, ಅದೇ ಕೈ. "ಕಡವಿನ ಹಾಡು. ಯಾರು ಹಾಡಿದರೂ ಆಗಬಹುದು. ಹೆಸರು ಬೇಡ."

ಸೌದಾಮಿನಿ ಅದನ್ನು ಮರಿಯುಮ್ಮನ ಮುಂದೆ ಹಿಡಿದಳು.

"ಇದು ಎಂತ?"

"ಚೀಟಿ."

"ಅದು ಗೊತ್ತಾಯ್ತು. ಎಷ್ಟು ವರ್ಷದಿಂದ ಹಾಕ್ತಾ ಇದ್ದೀ?"

ಮರಿಯುಮ್ಮ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತಲಿಲ್ಲ. "ಎಂಬತ್ತೇಳರಿಂದ."

"ಯಾರೋ ನನ್ನನ್ನು ತಮಾಷೆ ಮಾಡ್ಲಿಕ್ಕೆ ಹಾಡಿಸ್ತಾರೆ ಅಂತ ತಿಳ್ಕೊಂಡಿದ್ದೆ ನಾನು. ಕಿಟ್ಟಣ್ಣ ಹಾಡಿದ ವರ್ಷ ನಾನು ಊಟ ಮಾಡ್ಲಿಲ್ಲ."

"ಕಿಟ್ಟಣ್ಣ ಹಾಡಿದ ವರ್ಷ ಯಾರೂ ಊಟ ಮಾಡ್ಲಿಲ್ಲ."

"ಕುಶಾಲು ಬೇಡ. ಎಂತಕ್ಕೆ ಹಾಕಿದ್ದು, ಹೇಳು."

"ನೀನು ಮರೆತದ್ದು ಎರಡನೇ ನುಡಿ ಒಂದೇ ಅಲ್ವಾ" ಎಂದಳು ಮರಿಯುಮ್ಮ. "ವರ್ಷಕ್ಕೊಮ್ಮೆಯಾದ್ರೂ ಅದು ನಿನ್ನ ಜಗಲಿಗೆ ಬಂದು ಬೀಳ್ಲಿ ಅಂತ. ಜಗಲಿಯಲ್ಲಿ ಕೂತಿರ್ತೀ ಅಂತ ನನಗೆ ಗೊತ್ತುಂಟು. ದೀಪ ಹಾಕದೆ ಕೂತರೆ ಕಾಣುವುದಿಲ್ಲ ಅಂತ ತಿಳ್ಕೊಂಡಿದ್ದೀಯಾ?"

ಸುಟ್ಟ ವಾಸನೆ ಬಂತು. ಪೆಟ್ಟಿಗೆ ಒಂದೇ ಕಡೆ ನಿಂತು ಬಟ್ಟೆಯ ಅಂಚು ಕಂದಿತ್ತು. ಅದರಡಿಯ ಚೀಟಿಗೆ ಏನೂ ಆಗಿರಲಿಲ್ಲ.

"ಬರಿ" ಎಂದಳು ಸೌದಾಮಿನಿ.

"ಎಂತ ಬರಿಯುವುದು?"

"ಕಿವಿ ಕೇಳುವುದಿಲ್ವಾ? ನನ್ನ ಹೆಸರು."

ಮೂವತ್ತೆಂಟು ವರ್ಷ ಕಾದವಳು ಆಗಲೇ ಪೆನ್ಸಿಲು ತೆಗೆಯುತ್ತಾಳೆ ಎಂದುಕೊಂಡಿದ್ದಳು ಸೌದಾಮಿನಿ. ಅವಳು ತೆಗೆಯಲಿಲ್ಲ. "ಇವತ್ತು ಬೇಡ" ಎಂದಳು. "ಒಮ್ಮೆ ಅವಸರ ಮಾಡಿ ಅನುಭವಿಸಿದ್ದು ಸಾಕು. ಎರಡು ದಿನ ಯೋಚನೆ ಮಾಡು. ಮಂಗಳವಾರ ಕೇಳ್ತೇನೆ. ಆಮೇಲೆ ನಾನು ಒತ್ತಾಯ ಮಾಡಿದೆ ಅಂತ ಹೇಳಬಾರದು."

ಮಂಗಳವಾರ ಸಂಜೆ ಐದೂವರೆಗೆ ಫೋನು ಬಂತು.

"ಟೀಚರೇ, ಬರೀಲಾ?"

"ಬರಿ."

"ಎರಡನೇ ನುಡಿ?"

ಸೌದಾಮಿನಿ ಹಾಡಲಿಲ್ಲ, ಪದ್ಯ ಓದುವ ಹಾಗೆ ಓದಿ ಒಪ್ಪಿಸಿದಳು. ಮರಿಯುಮ್ಮ "ಪಾಸು" ಎಂದು ಫೋನಿಟ್ಟಳು.

ಅದು ಅವರಿಬ್ಬರ ನಡುವಿನ ಕೊನೆಯ ಮಾತು.

ಬುಧವಾರ ಮಧ್ಯಾಹ್ನ ದಫನ್ ಆಯಿತು. ಅದಕ್ಕೆ ಮೊದಲು ಸೌದಾಮಿನಿ ಹೆಂಗಸರ ನಡುವೆ ಕೂತು ಅವಳ ಮುಖ ನೋಡಿದಳು. ಕೋಣೆ ತುಂಬ ಅವಳು ಹೊಲಿದ ಬಟ್ಟೆಗಳೇ ಕೂತಿದ್ದವು. ಫಾಯಿಝಾ ಹೊಲಿಗೆಯ ಚೀಲ ತಂದು ಇವಳ ಮಡಿಲಲ್ಲಿಟ್ಟಳು. ಒಳಗೆ ರಬ್ಬರ್‌ಬ್ಯಾಂಡ್ ಹಾಕಿದ ಚೀಟಿಗಳು, ಎಲ್ಲ ನೆಟ್ಟಗೆ. ಗುಲಾಬಿಯದ್ದು ಅದರಲ್ಲಿ ಇರಲಿಲ್ಲ.

ಗುರುವಾರ ಕ್ಲಬ್ಬಿನ ಈಗಿನ ಸೆಕ್ರೆಟರಿ ಉಜ್ವಲ್ ಮನೆಗೆ ಬಂದ. ನಾಲ್ಕನೇ ಕ್ಲಾಸಿನಲ್ಲಿ ಸೌದಾಮಿನಿಯ ಕೈಯಲ್ಲಿ ಕಲಿತವನು. ಕಂಕುಳಲ್ಲಿ ಕಾರ್ಯಕ್ರಮದ ಪುಸ್ತಕ. ಕೂರು ಎಂದರೂ ಕೂರಲಿಲ್ಲ.

"ಟೀಚರೇ, ಇದೊಂದು ಉಂಟು. ಈಗ ಹೀಗೆಲ್ಲ ಆದ ಮೇಲೆ... ನಿಮಗೆ ಬೇಡ ಅಂತಾದ್ರೆ ತೆಗೆದುಬಿಡ್ತೇನೆ."

ಮೊದಲ ಪುಟದಲ್ಲಿ ಗುಲಾಬಿ ಚೀಟಿ ಇತ್ತು. "ಹೆಸರು ಬೇಡ" ಎಂಬುದಕ್ಕೆ ಅಡ್ಡಗೆರೆ ಎಳೆದಿತ್ತು. ಕೆಳಗೆ ಕನ್ನಡದಲ್ಲಿ ಅವಳ ಹೆಸರು, ಅದರಡಿ ಮಲಯಾಳದಲ್ಲಿ.

"ಇರಲಿ" ಎಂದಳು ಸೌದಾಮಿನಿ. ಎರಡನೇ ಶನಿವಾರಕ್ಕೆ ಇನ್ನು ಒಂಬತ್ತು ದಿನ ಇತ್ತು. "ಅವಳು ಯಾವಾಗ ತಂದುಕೊಟ್ಟದ್ದು? ಎಂತ ಹೇಳಿದಳು? ಒಂದೂ ಬಿಡದೆ ಹೇಳು."

ಉಜ್ವಲ್ ನಿಂತುಕೊಂಡೇ ಹೇಳಿದ. ಮಂಗಳವಾರ ಆರು ಗಂಟೆಯ ಹೊತ್ತಿಗೆ ಮರಿಯುಮ್ಮ ಒಬ್ಬಳೇ ಕ್ಲಬ್ಬಿಗೆ ಬಂದಳು. ಅಲ್ಲಿಗೆ ಹತ್ತು ಮೆಟ್ಟಿಲು. ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ನೀರು ಕೊಟ್ಟರೆ ಬೇಡ ಎಂದಳು, ಪುಸ್ತಕ ತಾ ಎಂದಳು. ಚೀಟಿಯನ್ನು ಮೊದಲ ಪುಟದ ಮೇಲಿಟ್ಟು ಅಂಗೈಯಿಂದ ನೇವರಿಸಿದಳು. ಅವನು ಗೋಂದು ಹುಡುಕುತ್ತಿರುವಾಗ ದಾವಣಿಯ ಅಂಚಿನಿಂದ ಒಂದು ಗುಂಡುಪಿನ್ನು ತೆಗೆದು ತಾನೇ ಚುಚ್ಚಿದಳು.

"ಟೀಚರು ಒಪ್ಪಿದ್ದಾರಾ ಟೈಲರಕ್ಕ?" ಎಂದು ಅವನು ಕೇಳಿದ.

"ಕೇಳಿಯೇ ಬರೆದದ್ದು" ಎಂದಳು. "ಓದು ಒಮ್ಮೆ."

ಅವನು ಓದಿದ.

"ಹಾಗಲ್ಲ. ಮೈಕಿನಲ್ಲಿ ಓದುವ ಹಾಗೆ. ಆದರೆ ಕಿಟ್ಟಣ್ಣನ ಹಾಗೆ ಎಳೀಬೇಡ. ಒಂದೇ ಸಲ ಹೇಳು, ಸರಿಯಾಗಿ ಹೇಳು."

ಅವನು ಎದ್ದು ನಿಂತು, ಖಾಲಿ ಮೈದಾನದ ಕಡೆ ಮುಖ ಮಾಡಿ, ಹಾಡಿನ ಹೆಸರನ್ನೂ ಹಾಡುವವಳ ಹೆಸರನ್ನೂ ದೊಡ್ಡ ಸ್ವರದಲ್ಲಿ ಹೇಳಿದ. ಮರಿಯುಮ್ಮ ತಲೆಯಾಡಿಸಿದಳು. ಪಿನ್ನು ಗಟ್ಟಿಯಾಗಿ ಕೂತಿದೆಯೇ ಎಂದು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದಳು, ಪುಸ್ತಕ ಮುಚ್ಚಿ ಅವನ ಕೈಗೆ ಕೊಟ್ಟಳು, ಮೆಟ್ಟಿಲಿಳಿದು ಮನೆಗೆ ಹೋದಳು.