ಕೀಳಿಸಿಕೊಳ್ಳದ ಪಿಳ್ಳಮ್ಮ

ಜಯನಗರದ ಡಾಕ್ಟರ್ ಶೇಷಗಿರಿ ಹಲ್ಲು ಕೀಳುವುದರಲ್ಲಿ ಎತ್ತಿದ ಕೈ; ಆದರೆ ಬೈರಸಂದ್ರದ ಪಿಳ್ಳಮ್ಮನನ್ನು ಕಂಡರೆ ಆ ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತು. ಎಪ್ಪತ್ತು ದಾಟಿದ ಈ ಮುದುಕಿ ಬಾಗಿಲಾಚೆ ಹೊಗೆಸೊಪ್ಪು ಉಗಿದು, ಕಾದು ಕೂತವರಿಗೆಲ್ಲ "ಕೀಳಿಸ್ಬ್ಯಾಡ್ರಪ್ಪ, ಹುಷಾರು" ಎಂದು ಬುದ್ಧಿ ಹೇಳಿ, ಇಬ್ಬರನ್ನಾದರೂ ಮನೆಗೆ ಕಳಿಸಿ, ಆಮೇಲೆ ಕುರ್ಚಿಯನ್ನು ಸೆರಗಿನಿಂದ ಒರೆಸಿ ಪಟ್ಟಕ್ಕೇರಿದಂತೆ ಕೂರುವಳು. ಇಕ್ಕಳ ಕಂಡರೆ ಬಾಯಿಗೆ ಬೀಗ. ಟವೆಲಿನಡಿ ಬಚ್ಚಿಟ್ಟರೂ ವಾಸನೆಯಲ್ಲೇ ಪತ್ತೆ ಹಚ್ಚುವಳು. ಈ ಸಲ ವಸಡು ಸವೆದು, ಹಲ್ಲಿನ ಬೇರು ಹೊರಬಿದ್ದು, ಆ ಬೇರಿಗೇ ಹುಳುಕು ಹತ್ತಿತ್ತು. "ಈ ವಯಸ್ಸಲ್ಲಿ ಎಲ್ಲ ತೆಗೆಸಿ ಹಲ್ಲುಸೆಟ್ಟು ಕಟ್ಟಿಸ್ಕೊಂಬಿಡಿ ಅಮ್ಮ. ಹೇಗಿದ್ರೂ ನೀವು ಮುದ್ದೆ ನುಂಗೋರು, ಅಗಿಯೋರಲ್ಲ" ಎಂದರು ಡಾಕ್ಟರು. "ಮುದ್ದೆ ನಾನು ನುಂಗ್ತೀನಿ, ಸಾರಲ್ಲಿರೋ ಅವರೆಕಾಳು ನೀನ್ ಬಂದು ಅಗೀತೀಯಾ? ಬೇರಿಗೆ ಹುಳ ಬಿದ್ರೆ ಬೇರಿಗೇ ಮದ್ದು ಹಾಕಪ್ಪ." "ಬೇರಿಗೆ ಬೆಳ್ಳಿ ತುಂಬೋದು ನಾಜೂಕಿನ ಕೆಲಸ, ನಿಲ್ಲುತ್ತೆ ಅಂತ ಗ್ಯಾರಂಟಿ ಇಲ್ಲ. ಕೀಳೋದು ಸುಲಭ." ಪಿಳ್ಳಮ್ಮ ಕಿಟಕಿಯಾಚೆಯ ತಾರಸಿ ಮನೆಗಳನ್ನು ನೋಡಿದಳು. "ನಿನ್ನ ಈ ಕುರ್ಚಿ ಇರೋದು ನನ್ನ ರಾಗಿ ಹೊಲದ ಮೇಲೆ ಕಣಪ್ಪ. ಬಡಾವಣೆ ಮಾಡಕ್ಕೆ ಬಂದಾಗ ಪೈರು ತೆನೆ ಬಿಟ್ಟಿತ್ತು. ಅದನ್ನ ಕೀಳೋದೂ ಸುಲಭವಾಗೇ ಇತ್ತು. ಆವತ್ತು ಬ್ಯಾಡ ಅನ್ನಕ್ಕೆ ನಂಗೆ ಧೈರ್ಯ ಬರಲಿಲ್ಲ. ಇವತ್ತು ಅಂತೀನಿ, ಬ್ಯಾಡ." ಡಾಕ್ಟರು ಕೈ ತೊಳೆದು ಬಂದು, ಹತ್ತಿಯಿಂದ ಆ ಬೇರಿನ ಸುತ್ತ ಒರೆಸಿ ತುಂಬಲು ಬೆಳ್ಳಿಪುಡಿ ಅರೆಯತೊಡಗಿದರು. ಪಿಳ್ಳಮ್ಮ ಬಾಯಿ ಅಗಲಿಸಿದಳು. ಕಣ್ಣು ಮಾತ್ರ ಮುಚ್ಚಲಿಲ್ಲ.