ಅಮಸಿದ್ದಪ್ಪನ ಲಾಠಿ, ಅಬ್ದುಲಸಾಬನ ಬೆತ್ತ

ಇಳಕಲ್ಲಿನ ಗರಡಿಮನೆಯಲ್ಲಿ ಅಮಸಿದ್ದಪ್ಪ ಇಪ್ಪತ್ತು ವರ್ಷ ಲಾಠಿ ಕಲಿಸಿದ್ದ. ತನ್ನೆತ್ತರದ ಬಿದಿರು ಹಿಡಿದು ಅವನು ತಿರುಗಿಸಲು ನಿಂತರೆ ಎಸೆದ ಕಲ್ಲು ಮೈಗೆ ತಾಗುತ್ತಿರಲಿಲ್ಲ. ಹುನಗುಂದ, ಬಾದಾಮಿ ಕಡೆಯಿಂದಲೂ ಕಲಿಯಲು ಬರುತ್ತಿದ್ದರು. ಊರಲ್ಲಿ ವರಸೆ ಕಲಿಸುವ ವಸ್ತಾದ ಎಂದರೆ ಅವನೊಬ್ಬನೇ. ೧೯೭೮ರಲ್ಲಿ ಅಬ್ದುಲಸಾಬ ತಿರುಗಿ ಬರುವವರೆಗೆ ಹೀಗಿತ್ತು.

ಅಬ್ದುಲಸಾಬ ಮುಂಬಯಿಯಿಂದ ಹೊರಡುವ ಸರಕಿನ ಹಡಗುಗಳಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದವನು. ಜೊತೆಗಿದ್ದ ಫಿಲಿಪೈನ್ಸ್ ದೇಶದ ಅಡುಗೆಯವನೊಬ್ಬ ತನ್ನ ನಾಡಿನ ಕೋಲುವರಸೆಯನ್ನು ಅವನಿಗೆ ಕಲಿಸಿದ್ದ. ಅರ್ನೀಸ್ ಎಂದು ಅದರ ಹೆಸರು. ತೋಳುದ್ದದ ಎರಡು ಬೆತ್ತ, ಕೈಗೊಂದು, ಅಷ್ಟೇ.

ಅಮಸಿದ್ದಪ್ಪನ ತಂಗಿ ರೇಣವ್ವ ಗಂಡ ತೀರಿದ ಮೇಲೆ ಸರ್ಕಾರಿ ನರ್ಸಾಗಿ ಅಣ್ಣನ ಮನೆಯಲ್ಲೇ ಇದ್ದಳು. ಹೆರಿಗೆ ಮಾಡಿಸಲು ಸುತ್ತಲಿನ ಹಳ್ಳಿಗಳಿಗೆ ಒಬ್ಬಳೇ ನಡೆದು ಹೋಗಬೇಕು. ಲಾಠಿ ಕಲಿಸೆಂದು ಅಣ್ಣನನ್ನು ಎರಡು ಸಲ ಕೇಳಿದ್ದಳು. ಹೆಂಗಸರಿಗೆ ಯಾಕೆ ಅದೆಲ್ಲ ಎಂದು ಅವನು ನಕ್ಕುಬಿಟ್ಟಿದ್ದ. ಮೂರನೆಯ ಸಲ ಅವಳು ಕೇಳಲಿಲ್ಲ. ಅಬ್ದುಲಸಾಬನ ಹೆಂಡತಿ ದಸ್ತಗೀರಬಿಯ ಅಂಗಳಕ್ಕೆ ಹೋದಳು. ಅಲ್ಲಿ ಅಬ್ದುಲಸಾಬ ಕಲಿಸುವ ಬೆತ್ತದ ವರಸೆಗೆ ನೇಯ್ಗೆ ಮಾಡುವ ಮೂವರು ಹೆಂಗಸರೂ ಬರುತ್ತಿದ್ದರು.

ಸುದ್ದಿ ತಿಳಿದ ಅಮಸಿದ್ದಪ್ಪ ಒಂದು ಸಂಜೆ ಅಂಗಳದ ಹಿಂದಿನ ಓಣಿಯಲ್ಲಿ ನಿಂತು ಗೋಡೆಯ ಮೇಲಿಂದ ಇಣುಕಿ ನೋಡಿದ. ಹೆಂಗಸರ ಕೈಯಲ್ಲಿ ಎರಡೂ ಬೆತ್ತ ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡುತ್ತಿದ್ದವು. ಅವನ ಶಿಷ್ಯರು ಮೂರು ತಿಂಗಳಲ್ಲಿ ಹಿಡಿಯದ ಲಯವನ್ನು ಈ ಹೆಂಗಸರು ಎಂಟೇ ದಿನಕ್ಕೆ ಹಿಡಿದಿದ್ದರು.

“ತಲಿ ಹುಡುಕಬ್ಯಾಡ್ರಿ,” ಎನ್ನುತ್ತಿದ್ದ ಅಬ್ದುಲಸಾಬ. “ಹಿಡಿಯಾಕ ಬಂದ ಕೈಮ್ಯಾಲ ಹೊಡೀರಿ. ಹಾವಿನ ಹಲ್ಲು ಕಿತ್ತರ ಸಾಕು. ಆಮ್ಯಾಲ ನಿಂದ್ರಬ್ಯಾಡ್ರಿ, ಓಡ್ರಿ.”

ಅಂದಿನಿಂದ ಅಮಸಿದ್ದಪ್ಪನಿಗೆ ಅನ್ನ ರುಚಿಸಲಿಲ್ಲ. ಚಹಾದಂಗಡಿಯಲ್ಲಿ ಎಲ್ಲರ ಎದುರು ಅಬ್ದುಲಸಾಬನನ್ನು ಪಂದ್ಯಕ್ಕೆ ಕರೆದ. ಅವನು ಕೈಮುಗಿದ.

“ವಸ್ತಾದ, ನಿಮ್ಮ ಲಾಠಿ ಮುಂದ ನಾ ನಿಂದ್ರೂದಿಲ್ರಿ. ನಂದು ಗೆಲ್ಲೂ ವಿದ್ಯಾ ಅಲ್ಲ, ಮನಿ ಮುಟ್ಟೂ ವಿದ್ಯಾ.”

ಅಂಗಡಿಯಲ್ಲಿದ್ದವರು ಹೌದೆಂದು ತಲೆದೂಗಿದರು. ಪಂದ್ಯ ನಡೆದು ಸೋತಿದ್ದರೂ ಅಮಸಿದ್ದಪ್ಪನಿಗೆ ಇಷ್ಟು ಉರಿಯುತ್ತಿರಲಿಲ್ಲ. ಕುರಿಹಟ್ಟಿಯ ಮರೆಯಲ್ಲಿ ತಾನೇ ಎರಡು ಕೋಲು ಹಿಡಿದು ನೋಡಿದ. ಒಂದಕ್ಕೊಂದು ಬಡಿದು ಬೆರಳ ಗೆಣ್ಣು ಬಾತವು. ಔಷಧ ಹಚ್ಚಿದ ರೇಣವ್ವನಿಗೆ ಬಾಗಿಲಲ್ಲಿ ಸಿಕ್ಕಿತೆಂದು ಸುಳ್ಳು ಹೇಳಿದ.

ಆಮೇಲೆ ಮಾಡಿದ ಕೆಲಸ ಅವನಿಗೆ ತಕ್ಕದ್ದಾಗಿರಲಿಲ್ಲ. ಆ ಮೂವರು ಹೆಂಗಸರ ಗಂಡಂದಿರನ್ನು ಬೇರೆ ಬೇರೆಯಾಗಿ ಕಂಡು, ಅಂಗಳದಲ್ಲಿ ಏನೇನೋ ನಡೆಯುತ್ತಿದೆ, ಜನ ಆಡಿಕೊಳ್ಳುತ್ತಿದ್ದಾರೆ ಎಂದ. ವಾರದೊಳಗೆ ಮೂವರೂ ಬರುವುದು ನಿಂತಿತು. ಯಾರ ಸಂಸಾರಕ್ಕೂ ತೊಂದರೆ ಬೇಡವೆಂದು ಅಬ್ದುಲಸಾಬ ಕಲಿಸುವುದನ್ನೇ ಬಿಟ್ಟ. ಅಮಸಿದ್ದಪ್ಪ ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಸುಗ್ಗಿಯ ದಿನಗಳಲ್ಲಿ ಒಂದು ಮಧ್ಯಾಹ್ನ ರೇಣವ್ವ ಹೆರಿಗೆ ಮುಗಿಸಿ ನಡೆದು ಬರುತ್ತಿದ್ದಳು. ಹಳ್ಳದ ದಾರಿಯಲ್ಲಿ ಇಬ್ಬರು ಅಡ್ಡ ಬಂದರು. ಒಬ್ಬ ಚೀಲಕ್ಕೆ ಕೈ ಹಾಕಿದ, ಇನ್ನೊಬ್ಬ ತೋಳಿಗೆ. ಅವಳ ಕೈಯಲ್ಲಿ ಮಡಚಿದ ಕೊಡೆ ಬಿಟ್ಟು ಬೇರೇನೂ ಇರಲಿಲ್ಲ. ಚೀಲ ಹಿಡಿದವನ ಹೆಬ್ಬೆರಳ ಬುಡಕ್ಕೆ ಒಂದು, ಅದೇ ವೇಗದಲ್ಲಿ ತಿರುಗಿಸಿ ಎರಡನೆಯವನ ಮಣಿಕಟ್ಟಿಗೆ ಒಂದು ಕೊಟ್ಟಳು. ಕೈಗಳು ಸಡಿಲಿದವು. ಅವಳು ನಿಲ್ಲದೆ, ಜೋಳ ಕೊಯ್ಯುತ್ತಿದ್ದ ಜನರತ್ತ ಓಡಿದಳು.

ಮನೆಗೆ ಬಂದು ನೀರು ಕುಡಿದು ನಡೆದದ್ದನ್ನೆಲ್ಲ ಹೇಳಿದಳು. ಎಲ್ಲಿ ಹೊಡೆದೆ ಎಂದು ಅಮಸಿದ್ದಪ್ಪ ಕೇಳಿದ. ಅವಳು ಅವನ ಕೈ ಹಿಡಿದು ಹೆಬ್ಬೆರಳ ಬುಡ ಮುಟ್ಟಿ ತೋರಿಸಿದಳು. ತಂಗಿ ಉಳಿದಳಲ್ಲ ಎನ್ನುವುದಕ್ಕಿಂತ ಮೊದಲು, ಈ ಏಟು ನಾನು ಕಲಿಸಿದ್ದಲ್ಲವಲ್ಲ ಎಂಬ ಸಂಕಟ ಅವನ ಎದೆಗೆ ಬಂತು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

“ಅಂಗಳಾ ಬಂದ್ ಮಾಡಿಸಿದವ ಯಾರಂತ ನನಗ ಗೊತ್ತೈತಿ, ಅಣ್ಣಾ,” ಎಂದಳು ರೇಣವ್ವ ಮೆಲ್ಲಗೆ.

ಮರುದಿನ ಬೆಳಿಗ್ಗೆ ಅವನು ಆ ಮೂರೂ ಮನೆಗೆ ಹೋಗಿ, ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡ. ಕೊನೆಗೆ ಅಬ್ದುಲಸಾಬನ ಮನೆ.

“ಹೊಟ್ಟಿಕಿಚ್ಚಿಗೆ ಆಡಿದ ಮಾತು ಅದು. ತಪ್ಪಾತು,” ಎಂದ.

ಅಬ್ದುಲಸಾಬ ಎದ್ದು ಒಳಗೆ ಹೋದ. ಎರಡು ಬೆತ್ತ ತಂದು ಅವನ ಕೈಗೆ ಕೊಟ್ಟ. ಅಮಸಿದ್ದಪ್ಪ ಹಿಡಿದದ್ದನ್ನು ನೋಡಿ, ಮಣಿಕಟ್ಟು ಬಿಗಿಯಾಯಿತು, ಸಡಿಲ ಬಿಡಿ ಎಂದ.

ಅಂಗಳ ಮತ್ತೆ ತುಂಬಿತು. ಎರಡು ವರ್ಷದಲ್ಲಿ ಅಮೀನಗಡದ ನರ್ಸುಗಳೂ ಬಸ್ಸು ಹಿಡಿದು ಬರತೊಡಗಿದರು. ಅವರು ಅಬ್ದುಲಸಾಬನನ್ನು ವಸ್ತಾದ ಎಂದು ಕರೆದಾಗಲೆಲ್ಲ ಅಮಸಿದ್ದಪ್ಪ ಬೇರೆ ಕಡೆ ನೋಡುತ್ತಿದ್ದ. ದಿನಾ ಅಂಗಳಕ್ಕೆ ಕಲಿಯಲು ಬಂದರೂ ಅವನಿಗೆ ಎಡಗೈ ಕೊನೆಗೂ ಪಳಗಲಿಲ್ಲ.

“ಖರೆ ಹೇಳ್ಲೇನು? ಇನ್ನೂ ಉರೀತೈತಿ,” ಎಂದ ಒಮ್ಮೆ ತಂಗಿಯ ಮುಂದೆ.

“ಉರೀಲಿ ಬಿಡು,” ಎಂದಳು ರೇಣವ್ವ. “ನಾಳಿ ಅಂಗಳಕ್ಕ ಬರೂದು ಮಾತ್ರ ತಪ್ಪಿಸಬ್ಯಾಡ.”