ಪ್ರೊಸೆಸರಿಗೆ ಮೆತ್ತಿದ ಗ್ರೀಸು

ತಪ್ಪು ನನ್ನದೇ. ಸುತ್ತಿ ಬಳಸಿ ಹೇಳೋದು ನನಗೆ ಬರಲ್ಲ.

ಅವಲಪಲ್ಲಿಯ ನಮ್ಮ ಮನೇಲಿದ್ದ ಕಂಪ್ಯೂಟರ್ ಅಣ್ಣನದು. ಅವನದು ಇಂಜಿನಿಯರಿಂಗ್ ಕೊನೇ ವರ್ಷ. ಪ್ರಾಜೆಕ್ಟಿನ ಡ್ರಾಯಿಂಗೆಲ್ಲ ಅದರೊಳಗಿತ್ತು, ಸೋಮವಾರ ಒಪ್ಪಿಸಬೇಕಿತ್ತು. ಆ ಹಳೇ ಮೆಷಿನ್ ಒಂದು ಡ್ರಾಯಿಂಗ್ ತೆರೆಯೋಷ್ಟರಲ್ಲಿ ಅಮ್ಮ ಮುದ್ದೆ ತಿರುವಿ ಮುಗಿಸೋಳು. ಪಾಪ, ಒದ್ದಾಡ್ತಾನಲ್ಲ ಅಂತ ಭಾನುವಾರ ಬೆಳಗ್ಗೆ ಅವನು ಬೇರಿಕೆ ಊರಿಗೆ ಹೋಗಿದ್ದಾಗ ನಾನೇ ಅದರ ವೇಗ ಏರಿಸೋಕೆ ಕೂತೆ.

ಪತ್ರಿಕೆಯೊಂದರಲ್ಲಿ ಓದಿದ್ದೆ: ಪ್ರೊಸೆಸರನ್ನ ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸಬಹುದು. ವೇಗ ಏರಿಸಿದರೆ ವೋಲ್ಟೇಜೂ ಏರಿಸಬೇಕು, ವೋಲ್ಟೇಜ್ ಏರಿದರೆ ಬಿಸಿಯೂ ಏರುತ್ತೆ. ಅದಕ್ಕೆ ಮೊದಲು ಫ್ಯಾನ್ ಬಿಚ್ಚಿ, ಪ್ರೊಸೆಸರಿನ ಬಿಸಿಯನ್ನ ಆಚೆ ದಾಟಿಸೋಕೆ ಹಚ್ಚಿದ್ದ, ಈಗ ಒಣಗಿಹೋಗಿದ್ದ ಪೇಸ್ಟ್ ಒರೆಸಿದೆ. ಹೊಸ ಪೇಸ್ಟ್ ಎಲ್ಲಿಂದ ತರೋದು? ಅಪ್ಪ ಸೈಕಲ್ಲಿಗೆ ಅಂತ ಫ್ಯಾಕ್ಟರಿಯಿಂದ ತಂದಿಟ್ಟಿದ್ದ ಗ್ರೀಸ್ ಕಣ್ಣಿಗೆ ಬಿತ್ತು. ಅದೂ ಮೆತ್ತಗೇ ತಾನೇ ಅಂತ ಚೆನ್ನಾಗಿ ಮೆತ್ತಿದೆ. ವೇಗ ಏರಿಸಿದೆ, ವೋಲ್ಟೇಜ್ ಏರಿಸಿದೆ. ಡ್ರಾಯಿಂಗ್ ಪಟ್ ಅಂತ ತೆರೆದುಕೊಳ್ತು! ಕಾಲು ಗಂಟೆ ಕುಣಿದೆ.

ಆಮೇಲೆ ಮೆಷಿನ್ ಟಕ್ಕಂತ ಆರಿಹೋಯ್ತು. ಮತ್ತೆ ಒತ್ತಿದರೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. ಇರಲಾರದೆ ಇರುವೆ ಬಿಟ್ಕೊಂಡಿದ್ದೆ.

ಅಣ್ಣ ಬಂದ, ನೋಡಿದ, ಬೈಯಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟ. ಬೈದಿದ್ದರೆ ವಾಸಿಯಿತ್ತು.

ಅಪ್ಪ ಫ್ಯಾಕ್ಟರಿಯಲ್ಲಿ ಫಿಟ್ಟರ್. ಅಲ್ಲಿವರೆಗೂ ಆ ಕಂಪ್ಯೂಟರನ್ನ ಮುಟ್ಟಿದವರೇ ಅಲ್ಲ, "ನಂಗ್ಯಾಕಮ್ಮ ಅದು" ಅನ್ನೋರು. ಅವತ್ತು ಬಗ್ಗಿ ಮೂಸಿ ನೋಡಿದರು.

"ಗ್ರೀಸ್ ಯಾರಮ್ಮಿ ಹಾಕಿದ್ದು?"

ನಾನು ಗ್ರೀಸ್ ಡಬ್ಬ ತಂದು ಅವರ ಮುಂದಿಟ್ಟೆ.

"ಗ್ರೀಸು ಜಾರಕ್ಕೆ ಕಣಮ್ಮಿ. ಬಿಸಿ ಆಚಿಕ್ಕೆ ಹೋಗಬ್ಯಾಡ್ವಾ?" ಅಂದವರೇ ಸೈಕಲ್ ಹತ್ತಿದರು.

ತಿರುಗಿ ಬಂದಾಗ ಕೈಯಲ್ಲಿ ಮಡಿಚಿದ ಬಸ್ ಟಿಕೆಟ್ಟು. ಅದರೊಳಗೆ ಚೂರು ಬಿಳೀ ಪೇಸ್ಟು. ಭಾನುವಾರ ಅಂಗಡಿ ಮುಚ್ಚಿದ್ದರಿಂದ ರೇಡಿಯೋ ರಿಪೇರಿಯವರ ಮನೆಗೇ ಹೋಗಿ, ಅವರ ತಮಿಳಲ್ಲೇ ಪುಸಲಾಯಿಸಿ ತಂದಿದ್ದರು. ಆಂಪ್ಲಿಫೈಯರ್‌ಗಳ ಬಿಸಿ ಇಳಿಸೋಕೆ ಹಚ್ತಾರಂತೆ. ಹಳೇ ಬನೀನಲ್ಲಿ ಗ್ರೀಸನ್ನೆಲ್ಲ ತೆಗೆದು, ಅಕ್ಕಿಕಾಳಿನಷ್ಟು ಪೇಸ್ಟ್ ಇಟ್ಟು, ಫ್ಯಾನ್ ಕೂರಿಸಿದರು. ಏರಿಸಿದ್ದನ್ನೆಲ್ಲ ಮೆಷಿನ್ ಮರೆತು ಮೊದಲಿನ ಲೆಕ್ಕಕ್ಕೇ ಬರಲಿ ಅಂತ ನಾನು ಒಳಗಿನ ಗುಂಡು ಬ್ಯಾಟರಿ ತೆಗೆದು ಮತ್ತೆ ಹಾಕಿದೆ. ಪತ್ರಿಕೆ ಓದಿದ್ದರಿಂದ ಆದ ಉಪಕಾರ ಅಂದರೆ ಅದೊಂದೇ.

"ಒತ್ತಲಾ," ಅಂದರು ಅಪ್ಪ, ಅಣ್ಣನಿಗೆ.

ಅವನು ಒತ್ತಿದ. ಪರದೆ ಬೆಳಗಿತು. ಡ್ರಾಯಿಂಗ್ ಅದೇ ಹಳೇ ನಿಧಾನದಲ್ಲಿ, ಒಂದೊಂದೇ ಗೆರೆಯಾಗಿ ಮೂಡಿತು. ಅಬ್ಬಾ, ಹೋದ ಜೀವ ಬಂತು! ನಾನು ಅಲ್ಲೇ ನೆಲದ ಮೇಲೆ ಕೂತು ಗೊಳೋ ಅಂತ ಅತ್ತೆ. ಅಣ್ಣ ನಗ್ತಾ ತಲೆಗೊಂದು ಮೊಟಕಿದ. "ಇನ್ನು ಇದರ ಹತ್ರ ಬಂದ್ರೆ ಕಾಲು ಮುರೀತೀನಿ."

ಡ್ರಾಯಿಂಗ್ ಕಾಪಿ ಮಾಡ್ಕೊಳ್ಳೋಕೆ ಸಿ.ಡಿ. ತರ್ತೀನಿ ಅಂತ ಅವನು ಒಳಗೆ ಹೋದ. ಅಪ್ಪ ಕೈ ಒರೆಸಿಕೊಳ್ತಾ ನನ್ನ ಪಕ್ಕ ಕೂತು, ಬಾಗಿಲ ಕಡೆ ಒಂದು ಸಲ ನೋಡಿ, ಮೆಲ್ಲಗೆ ಅಂದರು:

"ನಾಳೆ ಅವನು ಕೊಟ್ಟು ಬರ್ಲಿ. ಆಮ್ಯಾಕೆ ಒಂಚೂರು ಏರ್ಸಿ ನೋಡಾಣ. ಈಗ ಬಿಸಿ ಹೋಗಕ್ಕೆ ದಾರಿ ಐತಲ್ಲ."